ಮೂರೂವರೆ ಮೊಳದ ಗುಟ್ಟು

ರೋಗಗಳಲ್ಲಿಯೂ ಮೇಲು ಕೀಳೆಂಬ ಭೇದವುಂಟು. ರಕ್ತದ ಒತ್ತಡವು ಗೌರವದ ರೋಗ. ಸಕ್ಕರೆ ರೋಗ ಉಂಡುಟ್ಟ ಮನೆತನದ ಲಕ್ಷಣ. ಹೃದಯದ ಬೇನೆಯಂತೂ ಮನುಷ್ಯನಿಗೆ ಒಂದು ಬಗೆಯ ಪದವಿಯನ್ನೇ ತಂದುಕೊಡುತ್ತದೆ. ಮದುವೆಯ ಪಂಕ್ತಿಯಲ್ಲಿ ಕುಳಿತವರು ಬಡಿಸಲು ಬಂದ ಜಿಲೇಬಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ನನಗೆ ಶುಗರ್ ಇದೆ" ಎಂದು ಗಟ್ಟಿಯಾಗಿಯೇ ಹೇಳುತ್ತಾರೆ. "ನನಗೆ ಎಂಟು ವರ್ಷದಿಂದ" ಎಂದು ಪಕ್ಕದವರು ಅದಕ್ಕಿಂತ ಗಟ್ಟಿಯಾಗಿ ಹೇಳುತ್ತಾರೆ. ಕಣ್ಣಿನ ಪೊರೆ ತೆಗೆಸಿದವರು ಕಪ್ಪು ಕನ್ನಡಕ ಧರಿಸಿ ವಾರಗಟ್ಟಲೆ ಓಣಿಯಲ್ಲಿ ಅಡ್ಡಾಡುತ್ತಾರೆ. ಆದರೆ ಇದೇ ದೇಹದಲ್ಲಿ ಇನ್ನೊಂದು ಪ್ರದೇಶವುಂಟು. ಅದರ ಮಾತನ್ನು ಪಂಕ್ತಿಯಲ್ಲಿ ಆಡುವುದಂತಿರಲಿ, ಮುಚ್ಚಿದ ಬಾಗಿಲ ಹಿಂದೆ ಗಂಡ ಹೆಂಡಿರು ಕೂಡ ಆಡುವುದಿಲ್ಲ. ದೊಡ್ಡ ಕರುಳು ಎಂಬುದೇ ಆ ಪ್ರದೇಶ. ಅದರ ಉದ್ದ ಸುಮಾರು ಒಂದೂವರೆ ಮೀಟರು. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಮೂರೂವರೆ ಮೊಳಕ್ಕೆ ಒಂದಿಷ್ಟು ಕಡಿಮೆ. ಈ ಮೂರೂವರೆ ಮೊಳದ ಬಗೆಗಿನ ಮೌನದಿಂದ ಎಷ್ಟು ಮನೆಗಳಲ್ಲಿ ಎಷ್ಟು ಜನ ಅಕಾಲಕ್ಕೆ ಹೋದರೆಂಬುದನ್ನು ಯಾವ ಜನಗಣತಿಯೂ ಬರೆದಿಟ್ಟಿಲ್ಲ.

ಬಾಗಲಕೋಟೆಯ ವಿದ್ಯಾಗಿರಿ ಹೆಸರಿಗೆ ತಕ್ಕ ಸ್ಥಳ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಇಲ್ಲಿ ಸಂಸ್ಥೆಗಳನ್ನು ಬೆಳೆಸಿದೆ. ಅದರ ಇಂಜಿನಿಯರಿಂಗ್ ಕಾಲೇಜು 1963ರಷ್ಟು ಹಳೆಯದು. ಮುಂಜಾನೆ ಪುಸ್ತಕ ಹಿಡಿದ ಹುಡುಗರು, ಸಂಜೆ ಕೈಕೋಲು ಹಿಡಿದ ನಿವೃತ್ತರು, ಹೀಗೆ ಇಲ್ಲಿಯ ರಸ್ತೆಗಳಿಗೆ ಎರಡು ಹೊತ್ತೂ ಬಿಡುವಿಲ್ಲ. ಆ ನಿವೃತ್ತರಲ್ಲಿ ಒಬ್ಬರು ಮಾಸ್ತರರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಘಟಪ್ರಭೆ ಎಲ್ಲಿ ಹುಟ್ಟಿ ಎಲ್ಲಿ ತಿರುಗಿ ಎಲ್ಲಿ ಕೃಷ್ಣೆಯನ್ನು ಸೇರುತ್ತಾಳೆಂಬುದನ್ನು ಕಣ್ಣು ಮುಚ್ಚಿ ಹಲಗೆಯ ಮೇಲೆ ಬರೆಯಬಲ್ಲವರು. ಹಳೆಯ ಊರಿನ ತಗ್ಗಿನ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಸಂದಾಗ ಅವರ ತಂದೆಯ ಮನೆಯೂ ಹೋಯಿತು. ಆಗ ಅಳತೆಗೆ ಬಂದ ಸರಕಾರದವರು ಪಡಸಾಲೆಯ ಜತೆಗೆ ಬಚ್ಚಲನ್ನೂ ಪಾಯಖಾನೆಯನ್ನೂ ಟೇಪು ಹಿಡಿದು ಅಳೆದು ಪುಸ್ತಕದಲ್ಲಿ ಬರೆದುಕೊಂಡುದು ಮಾಸ್ತರರಿಗೆ ಬಹಳ ದಿನ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಮನೆ ಮುಳುಗುವ ದುಃಖಕ್ಕಿಂತ ಮನೆಯ ಮರೆ ಬಯಲಾದ ಸಂಕೋಚವೇ ಹೆಚ್ಚು ಎನ್ನುವ ಸ್ವಭಾವ ಅವರದು.

ಅಂಥವರಿಗೆ ಅರುವತ್ತಮೂರನೆಯ ವಯಸ್ಸಿನಲ್ಲಿ ಬೆಳಗಿನ ಶೌಚದ ಹೊತ್ತಿಗೆ ರಕ್ತ ಕಾಣಿಸಿಕೊಂಡಿತು. ಮೊದಲು ಎರಡು ವಾರಕ್ಕೊಮ್ಮೆ, ಬಳಿಕ ವಾರಕ್ಕೊಮ್ಮೆ. ಮೂಲವ್ಯಾಧಿಯೆಂದು ತಾವೇ ತೀರ್ಪು ಕೊಟ್ಟುಕೊಂಡು, ತಮ್ಮ ಬಡಾವಣೆಯ ಅಂಗಡಿಯನ್ನು ಬಿಟ್ಟು, ಗುರುತು ಹಿಡಿಯದವರ ಔಷಧದ ಅಂಗಡಿಯನ್ನು ಹುಡುಕಿಕೊಂಡು ನವನಗರದವರೆಗೆ ಹೋಗಿ ಒಂದು ಮುಲಾಮು ತಂದರು. ಅದನ್ನು ಪುಸ್ತಕದ ಕಪಾಟಿನಲ್ಲಿ, ಹಳೆಯ ನಕಾಶೆಗಳ ಹಿಂದೆ ಇಟ್ಟರು. ಹೀಗೆ ಆರು ತಿಂಗಳು ಕಳೆದುವು. ಮಳೆಗಾಲ ಮುಗಿಯುವ ವೇಳೆಗೆ ದಿನವೂ ಹತ್ತುತ್ತಿದ್ದ ಏರಿನ ರಸ್ತೆ ಒಮ್ಮೆಲೆ ಕಡಿದಾದಂತೆ ತೋರಿತು. ನಡುವೆ ಎರಡು ಕಡೆ ನಿಂತು, ಯಾರಾದರೂ ಕಂಡರೆ ಚಪ್ಪಲಿಯ ಪಟ್ಟಿ ಸರಿಪಡಿಸಿಕೊಳ್ಳುತ್ತಿರುವಂತೆ ನಟಿಸಬೇಕಾಗುತ್ತಿತ್ತು.

ಮನೆಯವರ ಒತ್ತಾಯಕ್ಕೆ ವೈದ್ಯರಲ್ಲಿಗೆ ಹೋದರು. ರಕ್ತಪರೀಕ್ಷೆಯಲ್ಲಿ ಗಂಡಸರಿಗೆ 13 ಇರಬೇಕಾದ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. ಕಬ್ಬಿಣದ ಅಂಶ ಬತ್ತಿಹೋಗಿತ್ತು. ವಯಸ್ಸಾದ ಗಂಡಸಿನ ದೇಹದಲ್ಲಿ ಕಬ್ಬಿಣ ಹೀಗೆ ಕಡಿಮೆಯಾದರೆ ಅದು ಎಲ್ಲಿಯೋ ಸೋರುತ್ತಿದೆಯೆಂದು ವೈದ್ಯಶಾಸ್ತ್ರ ಮೊದಲು ಸಂಶಯಪಡುತ್ತದೆ. ಆ ಸೋರಿಕೆ ಬಹಳ ಸಲ ಕರುಳಿನಲ್ಲಿಯೇ ಇರುತ್ತದೆ. ವೈದ್ಯರು ಶೌಚದ ವಿಚಾರ ಕೇಳಿದರು. ಮಾಸ್ತರರು ಕಿಟಕಿಯ ಕಡೆಗೆ ನೋಡಿದರು.

"ಎಂಟು ತಿಂಗಳಾದರೂ ಆಗಿರಬೇಕ್ರಿ," ಎಂದರು ಅವರ ಪತ್ನಿ, ಪಕ್ಕದ ಕುರ್ಚಿಯಿಂದ. "ಧೋತರ ಒಗ್ಯಾವಾಕಿ ನಾನ ಅಲ್ರೀ."

ಮಾಸ್ತರರು ಬೆರಗಾಗಿ ಹೆಂಡತಿಯ ಮುಖ ನೋಡಿದರು. "ಗೊತ್ತಿದ್ದೂ ನೀ ಯಾಕ ಕೇಳಲಿಲ್ಲ?"

"ನೀವು ಹೇಳೂತನಕ ನಾ ಹ್ಯಾಂಗ ಕೇಳ್ಲಿ?"

ಮೂವತ್ತಾರು ವರ್ಷದ ದಾಂಪತ್ಯದಲ್ಲಿ ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದರು. ವೈದ್ಯರು ಮುಂದಿನ ಪ್ರಶ್ನೆ ಕೇಳಿದರು: ಮನೆತನದಲ್ಲಿ ಯಾರಿಗಾದರೂ ಕರುಳಿನ ರೋಗವಿತ್ತೆ? ಮಾಸ್ತರರು ಇಲ್ಲವೆಂದು ತಲೆಯಾಡಿಸಿದರು. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರ ಅಣ್ಣಾವರು ಹನ್ನೊಂದು ವರ್ಷದ ಹಿಂದ ಹ್ವಾದರ್ರಿ. ಹೊಟ್ಟಿಬ್ಯಾನಿ ಅಂತ ಎಲ್ಲಾರಿಗೂ ಹೇಳಿದ್ರು. ಕರುಳಿಂದು ಅಂತ ಒಳಗೊಳಗ ಮಾತಿತ್ತು," ಎಂದರು. ತೀರಿಕೊಂಡಾಗ ಆ ಅಣ್ಣನಿಗೆ ಐವತ್ತೆಂಟು ವರ್ಷ. ವೈದ್ಯರು ಮರುಮಾತಿಲ್ಲದೆ ಚೀಟಿಯ ಮೇಲೆ ಕೊಲೊನೊಸ್ಕೋಪಿ ಎಂದು ಬರೆದರು.

ಕೊಲೊನೊಸ್ಕೋಪಿಯೆಂದರೆ ಕಿರುಬೆರಳಿನ ದಪ್ಪದ ಬಾಗುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಸಾಗಿಸಿ, ಅದರ ತುದಿಯ ದೀಪ ಮತ್ತು ಕ್ಯಾಮೆರಾದ ಸಹಾಯದಿಂದ ದೊಡ್ಡ ಕರುಳಿನ ಒಳಮೈಯನ್ನು ಕೊನೆಯವರೆಗೆ ನೋಡುವುದು. ಕೇಳುವುದಕ್ಕೆ ಇಷ್ಟೆ. ಆದರೆ ನೋಡಬೇಕಾದರೆ ದಾರಿ ಸ್ವಚ್ಛವಾಗಿರಬೇಕು. ಆ ಸ್ವಚ್ಛತೆಯ ಭಾರವೆಲ್ಲ ರೋಗಿಯದು. ಪರೀಕ್ಷೆ ಅರ್ಧ ಗಂಟೆಯದಾದರೆ ಅದರ ಸಿದ್ಧತೆ ನಾಲ್ಕು ದಿನದ್ದು.

ಕಬ್ಬಿಣದ ಮಾತ್ರೆಯನ್ನು ಆರಂಭಿಸದೆ ತಡೆದಿಟ್ಟರು. ಅದು ಕರುಳಿನ ಗೋಡೆಗೆ ಕಪ್ಪು ಬಳಿಯುತ್ತದೆ. ರಕ್ತ ತಿಳಿಮಾಡುವ ಮಾತ್ರೆ, ಸಕ್ಕರೆ ರೋಗದ ಮಾತ್ರೆ ನುಂಗುವವರು ಯಾವುದನ್ನು ಎಂದು ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಬೇಕು. ಸ್ವಂತ ಬುದ್ಧಿ ಸಲ್ಲದು. ಬಳಿಕ ಬಂದುದು ಊಟದ ಪಟ್ಟಿ. ಪರೀಕ್ಷೆಗೆ ಮೂರು ದಿನ ಮೊದಲಿನಿಂದ ನಾರು, ಬೀಜ, ಸಿಪ್ಪೆ ಯಾವುದೂ ಹೊಟ್ಟೆಗೆ ಹೋಗಕೂಡದು. ಜೋಳದ ರೊಟ್ಟಿ ಇಲ್ಲ. ಎಣ್ಣೆಗಾಯಿ ಬದನೆಕಾಯಿ ಇಲ್ಲ. ಮಡಿಕೆ ಕಾಳಿನ ಪಲ್ಯ, ಹಸಿ ಮೆಂತ್ಯೆಯ ಸೊಪ್ಪು, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಒಂದೂ ಇಲ್ಲ. ಸಂಜೆ ಬಾಯಾಡಿಸಲು ಅಮೀನಗಡದ ಕರದಂಟು ಕೂಡ ಇಲ್ಲ. ವೈದ್ಯರು ದಿನವೂ ತಿನ್ನಿರೆಂದು ಹೇಳುವ ಆಹಾರವೆಲ್ಲ ಈ ಮೂರು ದಿನ ಅಪರಾಧಿಯಾಗಿ, ತಿನ್ನಬೇಡಿರೆಂದು ಹೇಳುವ ಬಿಳಿಯ ಅನ್ನ, ಬಿಳಿಯ ಬ್ರೆಡ್ಡು ಸಿಂಹಾಸನವೇರುತ್ತವೆ. ಬಾಗಲಕೋಟೆಯ ಮನುಷ್ಯನಿಗೆ ರೊಟ್ಟಿಯಿಲ್ಲದ ಮೂರು ದಿನ ಎಂದರೆ ಊಟವಿಲ್ಲದ ಮೂರು ದಿನವೆಂದೇ ಅರ್ಥ. ಮಾಸ್ತರರು ತಟ್ಟೆಯ ಮುಂದೆ ಕುಳಿತು ಅನ್ನವನ್ನು ಕಲಸುತ್ತಿದ್ದರೇ ಹೊರತು ಉಣ್ಣುತ್ತಿರಲಿಲ್ಲ.

ನಾಲ್ಕನೆಯ ದಿನ ಘನಾಹಾರವೇ ಇಲ್ಲ. ಸೋಸಿದ ತಿಳಿಸಾರು, ಎಳನೀರು, ಲಿಂಬೆಯ ಪಾನಕ, ಹಾಲು ಹಾಕದ ಚಹಾ, ಹೀಗೆ ಆಚೆಯದು ಈಚೆ ಕಾಣುವಂಥ ದ್ರವಗಳು ಮಾತ್ರ. ಕೆಂಪು ಬಣ್ಣದ ಶರಬತ್ತು ನಿಷಿದ್ಧ. ಒಳಗೆ ಅದು ರಕ್ತದಂತೆ ತೋರೀತು. ಅದೇ ಮಧ್ಯಾಹ್ನ ಪಕ್ಕದ ಮನೆಯಾಕೆ ಬಿಸಿ ಬಿಸಿ ಶೇಂಗಾ ಹೋಳಿಗೆ ತಂದರು. ಮಾಸ್ತರರ ಪತ್ನಿ ತಟ್ಟೆ ತೆಗೆದುಕೊಂಡು, "ಇವತ್ತ ಇವರದು ಉಪಾಸ ಐತ್ರಿ," ಎಂದರು.

"ಇವತ್ತ ಯಾವ ಉಪಾಸರೀ?" ಎಂದು ಆಕೆ ಗೋಡೆಯ ಕ್ಯಾಲೆಂಡರಿನತ್ತ ನೋಡಿದರು.

ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಯಾವ ದೇವರ ಆಸರೆಯೂ ಇರಲಿಲ್ಲ. ಮಾಸ್ತರರ ಪತ್ನಿ ಒಂದು ಗಳಿಗೆ ತಡವರಿಸಿ, ಬಳಿಕ ಇದ್ದುದನ್ನು ಇದ್ದಂತೆ ಹೇಳಿಬಿಟ್ಟರು: ನಾಳೆ ಕರುಳಿನ ಪರೀಕ್ಷೆ, ರಕ್ತ ಹೋಗುತ್ತಿದೆ, ಹೆದರಿಕೆಯಾಗಿದೆ. ಒಳಕೋಣೆಯಲ್ಲಿ ಇದನ್ನು ಕೇಳುತ್ತಿದ್ದ ಮಾಸ್ತರರಿಗೆ ನೆಲ ಬಾಯ್ದೆರೆಯಬಾರದೇ ಎನಿಸಿತು. ಇನ್ನು ಸಂಜೆಯೊಳಗೆ ವಿದ್ಯಾಗಿರಿಗೆಲ್ಲ ಸುದ್ದಿ! ಆದರೆ ಹೊರಗೆ ನಗುವಾಗಲಿ ಉದ್ಗಾರವಾಗಲಿ ಕೇಳಿಸಲಿಲ್ಲ. ಅಡುಗೆಮನೆಯ ಬಾಗಿಲು ಮೆಲ್ಲನೆ ಮುಚ್ಚಿತು. ಅರ್ಧ ಗಂಟೆಯ ಬಳಿಕ ಪತ್ನಿ ಒಳಗೆ ಬಂದು ಹೇಳಿದುದಿಷ್ಟು: ಪಕ್ಕದ ಮನೆಯಾಕೆಗೂ ನಾಲ್ಕು ತಿಂಗಳಿಂದ ಹಾಗೆಯೇ ಆಗುತ್ತಿದೆ, ಸೊಸೆಗೆ ಹೇಳಲು ನಾಚಿಕೆ, ಮಗನಿಗೆ ಹೇಳಲು ಇನ್ನೂ ನಾಚಿಕೆ. "ನಿಮ್ಮದು ಆದಮ್ಯಾಲ ನಾನ ಅವರನ್ನ ಡಾಕ್ಟರ ಕಡೆ ಕರಕೊಂಡ ಹೊಕ್ಕೀನಿ," ಎಂದರು. ಅದು ಸಾಮಾನ್ಯ ಮೂಲವ್ಯಾಧಿಯೇ ಎಂದು ಮುಂದೆ ತಿಳಿದುಬಂದಿತು. ರಕ್ತ ಕಂಡವರಲ್ಲಿ ಬಹಳ ಜನರ ಕಾರಣ ಅಷ್ಟೇ ಇರುತ್ತದೆ. ಆದರೆ ಎರಡರಲ್ಲಿ ಯಾವುದೆಂಬುದನ್ನು ಊಹೆ ಹೇಳಲಾರದು. ನೋಡಿದ ಕಣ್ಣು ಮಾತ್ರ ಹೇಳಬಲ್ಲುದು.

ಸಂಜೆ ಆರಕ್ಕೆ ಔಷಧದ ಪುಡಿಯನ್ನು ನೀರಿನಲ್ಲಿ ಕದಡಿದರು. ಒಟ್ಟು ಎರಡು ಲೀಟರು. ಅರ್ಧ ಸಂಜೆಗೆ, ಅರ್ಧ ನಸುಕಿಗೆ. ಹೀಗೆ ಎರಡು ಪಾಲು ಮಾಡಿ ಕುಡಿದರೆ ಕರುಳು ಹೆಚ್ಚು ಸ್ವಚ್ಛವಾಗುವುದೆಂದು ವೈದ್ಯರು ಕಂಡುಕೊಂಡಿದ್ದಾರೆ. ಹಿಂದಿನ ಕಾಲದಲ್ಲಿ ಮನೆಯ ಹಿರಿಯರು ರವಿವಾರದ ಮುಂಜಾನೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮೂಗು ಹಿಡಿದು, ಔಡಲೆಣ್ಣೆ ಕುಡಿಸುತ್ತಿದ್ದುದನ್ನು ಬಲ್ಲವರು ಇನ್ನೂ ಇದ್ದಾರೆ. ಆಯುರ್ವೇದದಲ್ಲಿ ವಿರೇಚನವೂ ಹಠಯೋಗದಲ್ಲಿ ಬಸ್ತಿಯೂ ಈ ಉದ್ದೇಶದವೇ. ಔಡಲೆಣ್ಣೆ ಕರುಳನ್ನು ಕೆರಳಿಸಿ ಓಡಿಸುತ್ತದೆ. ಈ ಪುಡಿಯ ರೀತಿ ಬೇರೆ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಇದರ ಮುಖ್ಯ ವಸ್ತು ರಕ್ತಕ್ಕೆ ಸೇರದೆ, ನೀರನ್ನು ತನ್ನೊಡನೆ ಹಿಡಿದುಕೊಂಡು, ಕರುಳನ್ನು ಕಾಲುವೆ ತೊಳೆದಂತೆ ತೊಳೆದುಕೊಂಡು ಹೊರಬರುತ್ತದೆ. ದೇಹದ ಲವಣಗಳು ಅದರ ಜತೆಗೆ ಹರಿದುಹೋಗದಿರಲೆಂದು ತೂಕ ನೋಡಿ ಉಪ್ಪುಗಳನ್ನೂ ಸೇರಿಸಿರುತ್ತಾರೆ. ಈ ಬಗೆಯ ದ್ರಾವಣವನ್ನು ಅಮೆರಿಕೆಯ ವೈದ್ಯರು 1980ರಲ್ಲಿ ಪ್ರಕಟಿಸಿದರು; ಅಲ್ಲಿಯವರೆಗೆ ರೋಗಿಗಳು ಪಟ್ಟ ಪಾಡು ಇದಕ್ಕಿಂತ ಹೆಚ್ಚಿನದು.

ರುಚಿಯ ಮಾತು ಬೇರೆ. ಉಪ್ಪೂ ಅಲ್ಲದ, ಸಿಹಿಯೂ ಅಲ್ಲದ, ಲಿಂಬೆಹಣ್ಣಿನ ನೆನಪು ಮಾತ್ರ ಉಳಿದ ಆ ನೀರನ್ನು ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ ಮಾಸ್ತರರು ಗಡಿಯಾರ ನೋಡಿ ಕುಡಿದರು. ಒಂದು ಗಂಟೆ ಏನೂ ಆಗಲಿಲ್ಲ. ಪುಡಿ ಕೆಟ್ಟದ್ದಿರಬೇಕೆಂದು ಅವರು ಪೊಟ್ಟಣದ ಮೇಲಿನ ತಾರೀಖು ಓದತೊಡಗಿದರು, ಓದಿ ಮುಗಿಸಲಿಲ್ಲ. ಆ ಬಳಿಕ ರಾತ್ರಿ ಹತ್ತರವರೆಗೆ ಅವರು ಪಡಸಾಲೆಗೂ ಪಾಯಖಾನೆಗೂ ನಡುವೆ ನಡೆದ ದಾರಿಯನ್ನು ಕೂಡಿಸಿದರೆ ಒಂದು ದಿನದ ವಾಯುವಿಹಾರಕ್ಕೆ ಸರಿಯಾದೀತು. ಪತ್ನಿ ತೊಟ್ಟಿಯಲ್ಲಿ ನೀರು ತುಂಬಿಸಿಟ್ಟು, ದಾರಿಯ ದೀಪ ಆರಿಸದೆ, ನಡುವೆ ಕಾಲಿಗೆ ತೊಡಕಾಗುವ ಸ್ಟೂಲನ್ನು ಬದಿಗೆ ಸರಿಸಿ, ಎಚ್ಚರಿದ್ದು ಕಾದರು.

ಹನ್ನೊಂದರ ಸುಮಾರಿಗೆ ಹೊಟ್ಟೆ ಶಾಂತವಾಯಿತು. ಇಬ್ಬರಿಗೂ ನಿದ್ರೆ ಬರಲಿಲ್ಲ. ಕತ್ತಲಲ್ಲಿ ಮಾಸ್ತರರು ಅಣ್ಣನ ಮಾತು ತೆಗೆದರು. ಕೊನೆಯ ದೀಪಾವಳಿಗೆ ಅಣ್ಣ ಬಂದಿದ್ದಾಗ ಎರಡು ತುತ್ತು ಉಂಡು ಎದ್ದುದು. ಕೇಳಿದರೆ "ಅಜೀರ್ಣ ಅಷ್ಟ" ಎಂದುದು. ಹಿತ್ತಲಿಗೆ ಹೋಗಿ ಬಹಳ ಹೊತ್ತು ಬಾರದೆ ಇದ್ದುದು. ಅಂದು ಹಿತ್ತಲ ಬಾಗಿಲವರೆಗೆ ಹೋಗಿ, ಕರೆಯಲು ಸಂಕೋಚವಾಗಿ, ಮಾಸ್ತರರು ಹಿಂದಿರುಗಿದ್ದರು. "ಕರದಿದ್ರ ಹೇಳ್ತಿದ್ದನೋ ಏನೋ," ಎಂದರು. ಪತ್ನಿ ಉತ್ತರ ಕೊಡಲಿಲ್ಲ. ಹೊದಿಕೆಯನ್ನು ಅವರ ಕಾಲಿನವರೆಗೆ ಎಳೆದರು. ನಾಲ್ಕು ಗಂಟೆಗೆ ಅಲಾರ್ಮು ಹೊಡೆಯಿತು; ಉಳಿದ ಒಂದು ಲೀಟರು ಕಾದಿತ್ತು. ಆರು ಗಂಟೆಯ ವೇಳೆಗೆ ಹೊರಬಂದುದು ತಿಳಿಹಳದಿ ನೀರು ಮಾತ್ರ. ಹಾಗಾದರೆ ಸಿದ್ಧತೆ ಸರಿಯಾಯಿತೆಂದೇ ಲೆಕ್ಕ.

ಈ ಕೊಳವೆ ಮನುಷ್ಯನ ಕೈಗೆ ಸುಲಭವಾಗಿ ಬಂದುದಲ್ಲ. ಜೀವಂತ ದೇಹದ ಒಳಗನ್ನು ನೋಡಬೇಕೆಂಬ ಹಟ ವೈದ್ಯರಿಗೆ ಬಹಳ ಹಿಂದಿನದು. 1868ರಲ್ಲಿ ಜರ್ಮನಿಯ ಕುಸ್ಮೌಲ್ ಎಂಬ ವೈದ್ಯ ಹೊಟ್ಟೆಯೊಳಗೆ ನೆಟ್ಟಗಿನ ಕೊಳವೆಯನ್ನು ಇಳಿಸಲು ಕತ್ತಿ ನುಂಗುವ ಆಟಗಾರನನ್ನೇ ಕರೆತಂದ. ಮನುಷ್ಯರೆಲ್ಲರೂ ಕತ್ತಿ ನುಂಗುವವರಲ್ಲ. ಕರುಳಂತೂ ಎಲ್ಲಿಯೂ ನೆಟ್ಟಗಿಲ್ಲ. ಬೆಳಕು ಬಾಗುವ ಉಪಾಯ ಬೇಕಾಗಿತ್ತು. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹಾಪ್ಕಿನ್ಸ್ ಎಂಬ ಪ್ರಾಧ್ಯಾಪಕರೊಡನೆ ಕೂಡಿ, ಕೂದಲೆಳೆಯಂಥ ಗಾಜಿನ ನಾರುಗಳ ಕಟ್ಟಿನ ಮೂಲಕ ಚಿತ್ರವನ್ನು ಬಾಗಿಸಿ ಸಾಗಿಸಬಹುದೆಂದು 1954ರಲ್ಲಿ ಪ್ರಕಟಿಸಿದರು. ಬೆಳಕು ನೆಟ್ಟಗೆ ಮಾತ್ರ ಚಲಿಸುತ್ತದೆಂಬ ಪಾಠವನ್ನು ಶಾಲೆಯಲ್ಲಿ ಕೇಳಿ, ಅದನ್ನು ಒಪ್ಪದೆ ಉಳಿದ ಹುಡುಗ ಅವರು. 1957ರಲ್ಲಿ ಅಮೆರಿಕೆಯಲ್ಲಿ ಹಿರ್ಶೊವಿಟ್ಜ್ ಎಂಬ ವೈದ್ಯರು ಅಂಥ ನಾರಿನ ಕೊಳವೆಯನ್ನು ಮೊದಲು ತಮ್ಮ ಗಂಟಲಲ್ಲಿಯೇ ಇಳಿಸಿಕೊಂಡು ನೋಡಿದರು. 1969ರಲ್ಲಿ ನ್ಯೂಯಾರ್ಕಿನ ವುಲ್ಫ್ ಮತ್ತು ಶಿನ್ಯಾ ಎಂಬಿಬ್ಬರು, ಹೊಟ್ಟೆ ಕೊಯ್ಯದೆ, ಕೊಳವೆಯ ಮೂಲಕವೇ ತಂತಿಯ ಕುಣಿಕೆ ಕಳಿಸಿ ದೊಡ್ಡ ಕರುಳಿನ ಗಂಟನ್ನು ಕತ್ತರಿಸಿ ತೆಗೆದರು. ಅಲ್ಲಿಂದ ಮುಂದೆ ಇದು ನೋಡುವ ಉಪಕರಣವಾಗಿ ಉಳಿಯದೆ, ಕಾಪಾಡುವ ಉಪಕರಣವೂ ಆಯಿತು.

ಕಾಪಾಡುವುದೆಂಬುದು ಹೊಗಳಿಕೆಯ ಮಾತಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಒಂದು ರಾತ್ರಿಯಲ್ಲಿ ಹುಟ್ಟುವುದಿಲ್ಲ. ಬಹಳ ಸಲ ಅದು ಪಾಲಿಪ್ ಎಂಬ ಸಣ್ಣ ಗಂಟಾಗಿ ಆರಂಭವಾಗಿ, ಹತ್ತು ವರ್ಷದಷ್ಟು ಕಾಲ ಸದ್ದಿಲ್ಲದೆ ಬೆಳೆದು, ಆಮೇಲೆ ತನ್ನ ನಿಜರೂಪ ತೋರುತ್ತದೆ. ಎಲ್ಲ ಗಂಟುಗಳೂ ಹಾಗಾಗುವುದಿಲ್ಲ. ಯಾವುದು ಆದೀತೆಂದು ಹೊರಗಿನಿಂದ ಹೇಳುವಂತೆಯೂ ಇಲ್ಲ. ಗಂಟಾಗಿರುವಾಗಲೇ ತೆಗೆದರೆ ರೋಗದ ಬೇರನ್ನೇ ಕಿತ್ತಂತೆ. ಹೀಗೆ ತೆಗೆಸಿಕೊಂಡ 2,602 ಜನರನ್ನು ಬಹುಕಾಲ ಗಮನಿಸಿದ ಅಮೆರಿಕೆಯ ಅಧ್ಯಯನವೊಂದು, ಅವರಲ್ಲಿ ಈ ಕ್ಯಾನ್ಸರಿನಿಂದಾದ ಸಾವು ನಿರೀಕ್ಷಿಸಿದುದಕ್ಕಿಂತ ನೂರಕ್ಕೆ 53ರಷ್ಟು ಕಡಿಮೆಯೆಂದು 2012ರಲ್ಲಿ ತಿಳಿಸಿತು. ಭಾರತದಲ್ಲಿ ಈ ರೋಗ ಪಶ್ಚಿಮ ದೇಶಗಳಷ್ಟು ಹೆಚ್ಚಿಲ್ಲವೆಂಬುದು ನಿಜ. ಆದರೆ ಇಲ್ಲಿ ಅದು ಬಹಳ ಸಲ ತಡವಾಗಿ ಬೆಳಕಿಗೆ ಬರುತ್ತದೆಂಬುದೂ ಅಷ್ಟೇ ನಿಜ.

ಇದರಲ್ಲಿ ನಾಚಿಕೆ ಪಡುವುದೇನಿದೆ ಎಂದು ದೊಡ್ಡವರು ತೋರಿಸಿಕೊಟ್ಟುದೂ ಉಂಟು. 1985ರ ಜುಲೈಯಲ್ಲಿ ಅಮೆರಿಕೆಯ ಅಧ್ಯಕ್ಷ ರೇಗನ್ನರ ಕರುಳಿನಲ್ಲಿ ಈ ಪರೀಕ್ಷೆಯಿಂದ ದೊಡ್ಡ ಗಂಟು ಕಂಡುಬಂದಿತು. ಶಸ್ತ್ರಚಿಕಿತ್ಸೆ ಮಾಡಿ ತೆಗೆದಾಗ ಅದು ಕ್ಯಾನ್ಸರೆಂದು ತಿಳಿಯಿತು. ಅದನ್ನು ಲೋಕಕ್ಕೆಲ್ಲ ಸಾರಿದರು. ಆ ಬಳಿಕ ಅವರು 2004ರವರೆಗೆ, ತೊಂಬತ್ತಮೂರು ವರ್ಷ, ಬದುಕಿದರು. 2021ರ ನವೆಂಬರಿನಲ್ಲಿ ಅಧ್ಯಕ್ಷ ಬೈಡನ್ ಇದೇ ಪರೀಕ್ಷೆಗಾಗಿ ಅರಿವಳಿಕೆಯಲ್ಲಿದ್ದಾಗ, ಸುಮಾರು 85 ನಿಮಿಷ ಅಧಿಕಾರವನ್ನು ಉಪಾಧ್ಯಕ್ಷೆ ಕಮಲಾ ಹ್ಯಾರಿಸರಿಗೆ ವಹಿಸಿದರು. ಆ ದೇಶದ ಇತಿಹಾಸದಲ್ಲಿ ಅಧ್ಯಕ್ಷರ ಅಧಿಕಾರ ಒಬ್ಬ ಮಹಿಳೆಯ ಕೈಗೆ ಮೊದಲ ಬಾರಿ ಬಂದುದು ಹೀಗೆ. ಅಧ್ಯಕ್ಷರ ಕರುಳಿನಲ್ಲಿ ಸಿಕ್ಕ ಗಂಟಿನ ಅಳತೆಯನ್ನು ಕೂಡ ಅಲ್ಲಿಯ ವೈದ್ಯರು ಪ್ರಕಟಿಸಿದರು. ಒಂದು ಮಹಾರಾಷ್ಟ್ರದ ಅಧ್ಯಕ್ಷನಿಗಿಲ್ಲದ ಸಂಕೋಚ ವಿದ್ಯಾಗಿರಿಯ ಮಾಸ್ತರರಿಗೇಕೆ?

ಸಂಕೋಚ ಅಷ್ಟು ಸುಲಭವಾಗಿ ಬಿಡುವಂಥದಲ್ಲ. ಆಸ್ಪತ್ರೆಯಲ್ಲಿ ಹಿಂದೆ ಕಟ್ಟುವ ಅಂಗಿಯೊಂದನ್ನು ಕೊಟ್ಟರು. ಜೀವಮಾನವಿಡೀ ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಹೊಸ್ತಿಲು ದಾಟದವರು ಅದನ್ನು ತೊಟ್ಟು, ಎರಡು ಕೈಯಿಂದ ಹಿಂದಿನ ಅಂಚುಗಳನ್ನು ಹಿಡಿದುಕೊಂಡು, ಗೋಡೆಗೆ ಬೆನ್ನು ಕೊಟ್ಟು ಸರಿದರು. ಒಳಗೆ ಯಂತ್ರಗಳ ನಡುವೆ ನಿಂತಿದ್ದ ತರುಣನೊಬ್ಬ ಮುಂದೆ ಬಂದು ಕೈ ಜೋಡಿಸಿದ.

"ಸರ್, ನಮಸ್ಕಾರ್ರಿ. ನಾ ನಿಮ್ಮ ವಿದ್ಯಾರ್ಥಿ. ಹತ್ತನೇತ್ತಾ ಭೂಗೋಳ ನೀವ ಕಲಿಸಿದ್ರಿ."

ಮಾಸ್ತರರ ಮುಖ ಬಿಳಿಚಿತು. ಕಲಿಸಿದ ಸಾವಿರಾರು ಹುಡುಗರಲ್ಲಿ ಒಬ್ಬ ಈ ಕೋಣೆಯಲ್ಲಿಯೇ ಇರಬೇಕೆ! ಬೇರೆಯವರನ್ನು ಕಳಿಸಿರೆಂದು ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗನು ಅವರ ತೋಳು ಹಿಡಿದು, ಅಂಗಿಯ ಹಿಂದಿನ ಅಂಚುಗಳನ್ನು ತಾನೇ ಸೇರಿಸಿ ಹಿಡಿದು, ಮಂಚದ ಮೇಲೆ ಕೂರಿಸಿ, ಹೊದಿಕೆ ಹೊದಿಸಿದ್ದ. "ಎಡಮಗ್ಗಲಿಗೆ ಹೊಳ್ರಿ ಸರ್. ಮೊಣಕಾಲು ಮಡಚ್ರಿ. ಎಲ್ಲಾ ಮುಚ್ಚಿರ್ತೀವ್ರಿ, ಕಾಳಜಿ ಮಾಡಬ್ಯಾಡ್ರಿ," ಎಂದ. ಅವನ ದನಿಯಲ್ಲಿ ಕುತೂಹಲವಿರಲಿಲ್ಲ, ಕನಿಕರವೂ ಇರಲಿಲ್ಲ. ನಕಾಶೆಯ ಸುರುಳಿಯನ್ನು ಜಾಗರೂಕತೆಯಿಂದ ಬಿಚ್ಚುವ ಹುಡುಗನ ಗಾಂಭೀರ್ಯವಿತ್ತು. ದಿನಕ್ಕೆ ಹಲವರನ್ನು ಕಾಣುವವರಿಗೆ ಇದೊಂದು ಕೆಲಸ. ಬೆತ್ತಲೆಯೆಂಬುದು ರೋಗಿಯ ಮನಸ್ಸಿನಲ್ಲಿ ಮಾತ್ರ ಇರುವ ವಸ್ತು.

ಕೈಯ ನರಕ್ಕೆ ಮಂಪರಿನ ಔಷಧ ಕೊಟ್ಟರು. ಪೂರ್ಣ ನಿದ್ರೆಯಲ್ಲ, ಮಧ್ಯಾಹ್ನದ ಜೊಂಪಿನಂಥ ಒಂದು ಸ್ಥಿತಿ. ಮೊದಲು ಒಂದಿಷ್ಟು ಒತ್ತಡ. ಕರುಳನ್ನು ಅರಳಿಸಲು ಗಾಳಿ ತುಂಬಿದಾಗ ಹೊಟ್ಟೆಯುಬ್ಬರ. ತಿರುವುಗಳಲ್ಲಿ ಒಂದೆರಡು ಸಲ ಸೆಳೆತ. ಹೆದರಿದಷ್ಟು ಯಾತನೆ ಇರಲಿಲ್ಲ. ಅರೆಗಣ್ಣಿನಲ್ಲಿ ಮಾಸ್ತರರು ಪರದೆಯನ್ನು ಕಂಡರು. ಹೊಲಸೆಂದು ಅರುವತ್ತು ವರ್ಷ ನಂಬಿದ್ದ ಸ್ಥಳವು ತೊಳೆದ ಶಂಖದ ಒಳಮೈಯಂತೆ ನಸುಗೆಂಪಾಗಿ, ನುಣುಪಾಗಿ ಹೊಳೆಯುತ್ತಿತ್ತು. ಗೋಡೆಯ ಮೇಲೆ ಸಣ್ಣ ರಕ್ತನಾಳಗಳು ಉಪನದಿಗಳಂತೆ ಕವಲೊಡೆದು ಹರಿದಿದ್ದುವು. "ನೀವು ಕೃಷ್ಣಾ ನದಿ ತೋರಿಸಿದ್ರಿ ಸರ್, ಇವತ್ತ ನಾ ತೋರಸಾಕತ್ತೀನಿ ನೋಡ್ರಿ," ಎಂದ ಹುಡುಗ. ಎಡಕ್ಕೆ ಗುಲ್ಮದ ಬಳಿ ಒಂದು ತಿರುವು, ಬಲಕ್ಕೆ ಯಕೃತ್ತಿನ ಕೆಳಗೆ ಇನ್ನೊಂದು, ಆಮೇಲೆ ಸಣ್ಣ ಕರುಳು ಬಂದು ಕೂಡುವ ಸಂಗಮ. ಕೊಳವೆ ಅಲ್ಲಿಗೆ ಮುಟ್ಟಿ ಹಿಂದಿರುಗಿತು. ನಿಜವಾದ ತಪಾಸಣೆ ನಡೆಯುವುದು ಹಿಂದಿರುಗುವಾಗ. ಅವಸರ ಮಾಡದೆ, ಆರು ನಿಮಿಷಕ್ಕೆ ಕಡಿಮೆಯಿಲ್ಲದಂತೆ, ಒಂದೊಂದು ಮಡಿಕೆಯ ಹಿಂದೆಯೂ ಇಣುಕಿ ನೋಡಬೇಕೆಂಬುದು ನಿಯಮ. ಹಿಂದಿನ ರಾತ್ರಿಯ ಎರಡು ಲೀಟರಿನ ಬೆಲೆ ಆಗ ತಿಳಿಯುತ್ತದೆ. ಅರೆಬರೆ ತೊಳೆದ ಕರುಳಿನಲ್ಲಿ ಸಣ್ಣ ಗಂಟುಗಳು ಅಡಗಿ ಉಳಿಯುತ್ತವೆ.

ದಾರಿ ಮುಗಿಯುತ್ತ ಬಂದಾಗ, ಕರುಳು ಕೊನೆಯ ಬಾರಿ ಬಳಕುವ ಎಡೆಯಲ್ಲಿ, ಕೊಳವೆ ನಿಂತಿತು. ಕಾಂಡದ ಮೇಲೆ ನಿಂತ ಅಣಬೆಯಂತೆ, ಬಾರಿಹಣ್ಣಿನ ಗಾತ್ರದ, ಕಡುಗೆಂಪು ಗಂಟೊಂದು ಅಲ್ಲಿತ್ತು. ಅದರ ತಲೆಯಿಂದ ರಕ್ತ ಜಿನುಗುತ್ತಿತ್ತು. ಕೋಣೆಯಲ್ಲಿ ಮಾತು ನಿಂತಿತು. ತಂತಿಯ ಕುಣಿಕೆ ಹೊರಬಂದು, ಕಾಂಡದ ಬುಡಕ್ಕೆ ಬಿದ್ದು, ಬಿಗಿಯಿತು, ವಿದ್ಯುತ್ತು ಹರಿದು ಒಂದು ಎಳೆ ಬಿಳಿಯ ಹೊಗೆ ಕಂಡಿತು, ಗಂಟು ಕಳಚಿಬಿದ್ದಿತು. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲ. ಮಾಸ್ತರರಿಗೆ ಏನೂ ಆಗಲಿಲ್ಲ. ಕರುಳಿಗೆ ರಂಧ್ರ ಬೀಳುವುದು, ಬಳಿಕ ರಕ್ತಸ್ರಾವವಾಗುವುದು, ಇಂಥ ತೊಡಕುಗಳು ಅಪರೂಪಕ್ಕೆ ಉಂಟು. ಅದಕ್ಕಾಗಿಯೇ ಕೆಲವು ಗಂಟೆ ಅಲ್ಲಿಯೇ ಇರಿಸಿಕೊಂಡು, ಮನೆಯವರು ಜತೆಗಿದ್ದರೆ ಮಾತ್ರ ಕಳಿಸುತ್ತಾರೆ. ಗಂಟು ಸಣ್ಣ ಡಬ್ಬಿಯಲ್ಲಿ ಕುಳಿತು ಪ್ರಯೋಗಶಾಲೆಗೆ ಹೋಯಿತು. ಹುಡುಗನು ಬಾಗಿಲವರೆಗೆ ಬಂದು ಮಾಸ್ತರರ ಪಾದ ಮುಟ್ಟಿ ನಮಸ್ಕರಿಸಿದ.

ವರದಿಗೆ ಎಂಟು ದಿನ. ಆ ಎಂಟು ದಿನಗಳ ಮುಂದೆ ಎರಡು ಲೀಟರಿನ ರಾತ್ರಿ ಏನೂ ಅಲ್ಲ. ರೊಟ್ಟಿ ಮರಳಿ ತಟ್ಟೆಗೆ ಬಂದಿತು. ರುಚಿ ಮಾತ್ರ ಬರಲಿಲ್ಲ. ಒಂಬತ್ತನೆಯ ದಿನ ವೈದ್ಯರು ಕಾಗದ ಓದಿ, ಕನ್ನಡಕ ತೆಗೆದು, ಹೇಳಿದರು: ಗಂಟಿನ ಜೀವಕೋಶಗಳು ಕೆಡತೊಡಗಿದ್ದುವು, ಕ್ಯಾನ್ಸರಿನ ಹೊಸ್ತಿಲವರೆಗೆ ಬಂದಿದ್ದುವು, ಹೊಸ್ತಿಲು ದಾಟಿರಲಿಲ್ಲ, ಬುಡ ಶುದ್ಧವಾಗಿದೆ, ಪೂರ್ಣವಾಗಿ ಬಂದಿದೆ. ಮೂರು ವರ್ಷದ ಬಳಿಕ ಮತ್ತೊಮ್ಮೆ ನೋಡಿದರೆ ಸಾಕು. ಮಾಸ್ತರರು ಕೈ ಮುಗಿದು ಎದ್ದರು. ವೈದ್ಯರು ಅವರನ್ನು ಮತ್ತೆ ಕೂರಿಸಿದರು. ಇಷ್ಟಕ್ಕೇ ಮುಗಿಯಲಿಲ್ಲ, ಈ ರೋಗ ಕೆಲವು ಮನೆತನಗಳಲ್ಲಿ ಒಬ್ಬರಿಂದೊಬ್ಬರಿಗೆ ಇಳಿದುಬರುವುದುಂಟು. ಒಡಹುಟ್ಟಿದವರೂ ಮಕ್ಕಳೂ ನಲವತ್ತಕ್ಕೇ ಪರೀಕ್ಷೆ ಮಾಡಿಸಿಕೊಳ್ಳಬೇಕು; ತೀರಿಕೊಂಡ ಅಣ್ಣನ ಮಕ್ಕಳಂತೂ ತಡಮಾಡಕೂಡದು. ಅವರಿಗೆಲ್ಲ ಹೇಳಬೇಕು. ಹೇಳುವವರು ಬೇರೆ ಯಾರು?

ಎರಡು ಲೀಟರಿಗಿಂತ ಕಹಿಯಾದ ಲೋಟ ಇದು. ಅಂದು ಸಂಜೆ ಮಾಸ್ತರರು ಫೋನು ಮುಂದಿಟ್ಟುಕೊಂಡು ಕುಳಿತರು. ಬೆಂಗಳೂರಿನ ಮಗನಿಗೆ ಹೇಳುವುದು ಕಷ್ಟವಾಗಲಿಲ್ಲ. ಅವನು ಅರ್ಧ ಮಾತಿಗೇ ತಾರೀಖು ಗುರುತು ಹಾಕಿಕೊಂಡ. ಇಳಕಲ್ಲಿನ ತಂಗಿ ಅತ್ತಳು. ಅತ್ತು ಮುಗಿಸಿ ಬರುತ್ತೇನೆಂದಳು. ಹುನಗುಂದದ ತಮ್ಮ ಸಿಡುಕಿದ: "ಇಂಥಾ ಮಾತು ಫೋನಿನ್ಯಾಗ ಆಡ್ತಾರೇನಣ್ಣಾ?" ಮಾಸ್ತರರು ಸ್ವಲ್ಪವೂ ತಡೆಯದೆ, "ಆಡಲಿಲ್ಲಂತನ ದೊಡ್ಡಣ್ಣ ಹೋದ," ಎಂದರು. ಆ ಕಡೆಯಿಂದ ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ, "ಯಾವತ್ತ ಬರ್ಲಿ?" ಎಂಬ ಮಾತು ಕೇಳಿಸಿತು.

ಕೊನೆಗೆ ಉಳಿದುದು ಬಾದಾಮಿಯ ವೈನಿ. ಅಣ್ಣ ಹೋದ ಮೇಲೆ ಆ ಮನೆಯಲ್ಲಿ ಆ ರೋಗದ ಮಾತು ಎದ್ದುದೇ ಇಲ್ಲ. ಹಿರಿಯ ಮಗನಿಗೆ ಈಗ ಮೂವತ್ತೊಂಬತ್ತು, ಕಿರಿಯವನಿಗೆ ಮೂವತ್ತಾರು. ಮಾಸ್ತರರು ಮೊದಲು ತಮ್ಮದನ್ನು ಹೇಳಿದರು. ರಕ್ತ, ಪರೀಕ್ಷೆ, ಗಂಟು, ಒಂದನ್ನೂ ಬಿಡದೆ. ಬಳಿಕ ಅಣ್ಣನದನ್ನು ಕೇಳಿದರು.

ವೈನಿ ನಿಧಾನವಾಗಿ ಉತ್ತರಿಸಿದರು: "ಕಡೀತನಕ ಅವರು ನನಗ ಹೇಳಲಿಲ್ಲ. ನನಗ ಗೊತ್ತಿತ್ತು. ಗೊತ್ತೈತಿ ಅಂತ ನಾನೂ ಹೇಳಲಿಲ್ಲ. ಆಸ್ಪತ್ರಿ ಕಾಗದ ಎಲ್ಲಾ ಟ್ರಂಕಿನ್ಯಾಗ ಇಟ್ಟೀನಿ, ಹುಡುಗರಿಗೆ ತೋರಿಸಿಲ್ಲ."

"ಈಗ ತೋರಿಸ್ರಿ, ವೈನಿ. ಅವರಿಗೆ ಪರೀಕ್ಷಾ ಮಾಡಿಸ್ಬೇಕು."

"ಏನಂದ್ರಿ ಅದರ ಹೆಸರು? ತಡೀರಿ, ಪೆನ್ನು ತರ್ತೀನಿ."

ಹೆಜ್ಜೆಯ ಸಪ್ಪಳ ದೂರ ಹೋಗಿ ಮರಳಿ ಬಂದಿತು. ಮಾಸ್ತರರು ಹತ್ತನೆಯ ತರಗತಿಗೆ ನದಿಗಳ ಹೆಸರು ಬರೆಯಿಸುತ್ತಿದ್ದ ಅದೇ ದನಿಯಲ್ಲಿ, ಒಂದೊಂದೇ ಅಕ್ಷರವನ್ನು ಬಿಡಿಸಿ, ಗಟ್ಟಿಯಾಗಿ ಹೇಳಿದರು. ವೈನಿ ಒಂದೊಂದನ್ನೂ ತಿರುಗಿ ಹೇಳುತ್ತ ಬರೆದುಕೊಂಡರು.